ನೇತ್ರಾಣಿಗೆ ಹೊರಟಿರಾ? ಮೊದಲು ಇದನ್ನೋದಿ!

ಹೀರೋ ಸಮುದ್ರಕ್ಕೆ ಹಾರಿದರೆ ಮುಂದೇನಾಗುತ್ತೆ ಅನ್ನೋದು ನಮ್ಮ ಓದುಗರಿಗೆ ಬಾಯಿಪಾಠ. ದಡದಲ್ಲಿ ಹೀರೋಯಿನ್ ಚೀರುತ್ತಾಳೆ. ವಿಲನ್ ಬಂಡೆ ಮೇಲೆ ನಿಂತು ಗಹಗಹಿಸುತ್ತಾನೆ. ಎರಡು ನಿಮಿಷ ಕಳೆದ ಮೇಲೆ ಹೀರೋ ಇನ್ನೆಲ್ಲೋ ಎದ್ದು ಬರುತ್ತಾನೆ. ಕ್ರಾಪು ಕೂಡ ಕೆಟ್ಟಿರೋದಿಲ್ಲ! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ.

ಆದರೆ ಫೈಟಿಲ್ಲದೆ, ಪಂಚ್ ಡೈಲಾಗಿಲ್ಲದೆ, ಮೇಕಪ್ಪಿಲ್ಲದೆ ಒಬ್ಬ ಹೀರೋ ಸಮುದ್ರಕ್ಕೆ ಇಳಿದಿದ್ದನ್ನೂ ಕನ್ನಡಿಗರು ಪರದೆಯ ಮೇಲೆ ನೋಡಿದ್ದಾರೆ. 2022ರ ಅಕ್ಟೋಬರ್ 28ರಂದು ತೆರೆಗೆ ಬಂದ 'ಗಂಧದ ಗುಡಿ'ಯಲ್ಲಿ. ಅಮೋಘವರ್ಷ ನಿರ್ದೇಶನದ ಆ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಯಾವ ಪಾತ್ರವನ್ನೂ ಹಾಕಲಿಲ್ಲ. ಪುನೀತ್ ಆಗಿಯೇ ನಾಡೆಲ್ಲ ಸುತ್ತಿದರು. ಹಾಗೆ ಸುತ್ತುತ್ತಾ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಕ್ಕೆ ಹೋದರು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವರು ನಮ್ಮನ್ನು ಅಗಲಿ ಒಂದು ವರ್ಷಕ್ಕೆ ಒಂದೇ ದಿನ ಕಡಿಮೆ. 2021ರ ಅಕ್ಟೋಬರ್ 29ನ್ನು ಯಾವ ಅಭಿಮಾನಿ ತಾನೇ ಮರೆತಾನು?

"ಅಪ್ಪು ಇಳಿದ ನೀರಿಗೆ ನಾನೂ ಒಮ್ಮೆ ಇಳಿಯಬೇಕು" ಅನ್ನುವ ಆಸೆ ಅಂದಿನಿಂದ ಎಷ್ಟೋ ಹುಡುಗರಿಗೆ ಹುಟ್ಟಿದೆ. ಒಳ್ಳೆಯ ಆಸೆಯೇ. ಆದರೆ ಆಸೆ ಬೇರೆ, ಏರ್ಪಾಟು ಬೇರೆ. ಗೆಳೆಯರ ಗುಂಪು ಕಟ್ಟಿಕೊಂಡು ಶುಕ್ರವಾರ ರಾತ್ರಿ ಬಸ್ಸು ಹತ್ತುವ ಮೊದಲು ಸ್ವಲ್ಪ ಕೂತು ಮಾತಾಡೋಣ, ಬನ್ನಿ.

ಎಲ್ಲಿದೆ ಈ ನೇತ್ರಾಣಿ?

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ಮುರ್ಡೇಶ್ವರ ಗೊತ್ತಲ್ಲ? ಸಮುದ್ರಕ್ಕೆ ಬೆನ್ನು ಮಾಡಿ ಕೂತ 123 ಅಡಿಯ ಶಿವನ ಮೂರ್ತಿ, ಅದರ ಮುಂದೆ 20 ಅಂತಸ್ತಿನ ರಾಜಗೋಪುರ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 19 ಕಿಲೋಮೀಟರ್ ಕಡಲಿನಲ್ಲಿ ಹೋದರೆ ನೇತ್ರಾಣಿ. ಬ್ರಿಟಿಷರ ನಕ್ಷೆಗಳಲ್ಲಿ ಅದಕ್ಕೆ ಪಿಜನ್ ಐಲೆಂಡ್, ಅಂದರೆ ಪಾರಿವಾಳದ ದ್ವೀಪ ಅಂತ ಹೆಸರು. ಮೇಲಿನಿಂದ ನೋಡಿದರೆ ಹೃದಯದ ಆಕಾರ! ಈಗಿನ ಹುಡುಗರು ಡ್ರೋನ್ ಹಾರಿಸಿ ತೆಗೆದ ಫೋಟೋಗಳಲ್ಲಿ ಅದು ಇಸ್ಪೀಟಿನ ಆಟೀನ್ ಥರಾನೇ ಕಾಣುತ್ತೆ.

ಆದರೆ ಹತ್ತಿರ ಹೋದರೆ ಹೃದಯವೂ ಇಲ್ಲ, ಗಿದಯವೂ ಇಲ್ಲ. ಬರೀ ಕಲ್ಲು! ನೀರಿನಿಂದ ನೆಟ್ಟಗೆ ಎದ್ದ ಕಡಿದಾದ ಬಂಡೆಗಳು, ಅದರ ನೆತ್ತಿಯ ಮೇಲೆ ಹಸಿರು ಕಾಡು. ಡ್ಯುಯೆಟ್ ಹಾಡೋದಕ್ಕೆ ಮರಳಿನ ದಂಡೆ ಹುಡುಕಿಕೊಂಡು ಹೋದವರಿಗೆ ನಿರಾಸೆ ಗ್ಯಾರಂಟಿ. ಹೋಟೆಲಿಲ್ಲ, ಟೀ ಅಂಗಡಿಯಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಮೇಕೆಗಳಿವೆ! ಮೀನುಗಾರರು ಹರಕೆಗೆಂದು ಬಿಟ್ಟ ಮೇಕೆಗಳ ಸಂತತಿ ಅದು ಅಂತ ಕರಾವಳಿಯ ಜನ ಹೇಳುತ್ತಾರೆ.

ಮುಖ್ಯವಾದ ಮಾತು ಈಗಲೇ ಹೇಳಿಬಿಡ್ತೀನಿ: ಡೈವಿಂಗಿಗೆ ಹೋಗುವವರು ದ್ವೀಪದ ಮೇಲೆ ಕಾಲಿಡುವ ಹಾಗಿಲ್ಲ. ದೋಣಿ ದ್ವೀಪದ ಪಕ್ಕದಲ್ಲಿ ಲಂಗರು ಹಾಕುತ್ತೆ, ನೀವು ನೀರಿಗಿಳಿದು ಮತ್ತೆ ದೋಣಿಗೇ ಹತ್ತುತ್ತೀರಿ. "ಇಷ್ಟು ದೂರ ಬಂದು ದ್ವೀಪ ಹತ್ತದೆ ಹೋಗೋದಾ?" ಅಂತ ನಾವಿಕನ ಹತ್ತಿರ ಜಗಳಕ್ಕೆ ನಿಲ್ಲಬೇಡಿ. ನೇತ್ರಾಣಿಯ ಮಜಾ ಇರೋದು ಮೇಲಲ್ಲ, ಕೆಳಗೆ.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಮಾತೇ ಇಲ್ಲ. ಕರಾವಳಿಯ ಮೀನುಗಾರರ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ಹುಟ್ಟಿದಾಗಿನಿಂದ ಕಡಲನ್ನೇ ಕಂಡವರು ಸುಮ್ಮನಿರುವಾಗ, ಲಾಲ್‌ಬಾಗಿನ ಕೆರೆ ಬಿಟ್ಟು ಬೇರೆ ನೀರು ಕಾಣದ ನಾವು ಹಾರಾಡಬಾರದು. ಅಕ್ಟೋಬರ್ ಹೊತ್ತಿಗೆ ಕಡಲು ಶಾಂತವಾಗುತ್ತಾ ಬರುತ್ತೆ. ಅಲ್ಲಿಂದ ಮೇ ತಿಂಗಳವರೆಗೆ ಡೈವಿಂಗಿನ ಕಾಲ. ನವೆಂಬರಿನಿಂದ ಫೆಬ್ರವರಿವರೆಗೆ ಹೋದರೆ ಬಿಸಿಲೂ ಹದ, ನೀರೂ ತಿಳಿ. ಅದೃಷ್ಟ ಚೆನ್ನಾಗಿದ್ದರೆ ನೀರಿನಡಿಯಲ್ಲಿ 15ರಿಂದ 20 ಮೀಟರ್ ದೂರದವರೆಗೂ ಕಾಣುತ್ತೆ.

ಶನಿವಾರ, ಭಾನುವಾರ ಜನಜಾತ್ರೆ. ಸದ್ದಿಲ್ಲದ ದ್ವೀಪ ನೋಡಬೇಕು ಅಂತ ನಿಜವಾಗಿ ಆಸೆಯಿದ್ದರೆ ವಾರದ ಮಧ್ಯೆ ಒಂದು ದಿನ ರಜ ಹಾಕಿ. ಹೊಸ ಚಿತ್ರದ ಫಸ್ಟ್ ಡೇ ಫಸ್ಟ್ ಶೋಗೆ ಹಾಕೋದಿಲ್ವೆ?

ಹೋಗೋದು ಹೇಗೆ?

ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ, ರೈಲೂ ಇದೆ. ಕೊಂಕಣ ರೈಲ್ವೆಯ ಮುರ್ಡೇಶ್ವರ ನಿಲ್ದಾಣ ಊರಿಗೆ ಹತ್ತಿರವೇ. ಶಿವಮೊಗ್ಗ ಕಡೆಯವರು ಸಾಗರ, ಜೋಗದ ಮೇಲೆ ಘಟ್ಟ ಇಳಿದು ಹೊನ್ನಾವರ ಸೇರಬಹುದು. ಹುಬ್ಬಳ್ಳಿ ಕಡೆಯವರಿಗೆ ಶಿರಸಿ, ಕುಮಟಾ ಹಾದಿ. ಮಂಗಳೂರು, ಉಡುಪಿಯವರಿಗಂತೂ ನೆಟ್ಟಗೆ ಹೆದ್ದಾರಿ, ಒಂದೇ ಉಸಿರಿಗೆ ಬಂದುಬಿಡಬಹುದು.

ಒಂದು ಎಚ್ಚರ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ, ಬೆಳಿಗ್ಗೆ ಇಳಿದು, ಮುಖ ತೊಳೆದು, ಸೀದಾ ದೋಣಿ ಹತ್ತೋ ಪ್ಲಾನು ಬೇಡ. ನಿದ್ದೆಗೆಟ್ಟ ಮೈಗೆ ಕಡಲು ಕರುಣೆ ತೋರಿಸೋದಿಲ್ಲ. ಒಂದು ದಿನ ಮೊದಲೇ ಹೋಗಿ, ಸಂಜೆ ಗೋಪುರದ ಲಿಫ್ಟಿನಲ್ಲಿ ಮೇಲೆ ಹತ್ತಿ. ಕಡಲು, ಮೂರ್ತಿ, ದೋಣಿಗಳು ಎಲ್ಲ ಕಣ್ಣಳತೆಯಲ್ಲಿ. ಆಕಾಶ ತಿಳಿಯಾಗಿದ್ದರೆ ದಿಗಂತದಲ್ಲಿ ನೇತ್ರಾಣಿಯೂ ಮಸುಕಾಗಿ ಕಾಣುತ್ತೆ. ರಾತ್ರಿ ಬೇಗ ಊಟ, ಬೇಗ ನಿದ್ದೆ. ಗುಂಡು ಪಾರ್ಟಿ ಬೇಡವೇ ಬೇಡ. ಹಿಂದಿನ ರಾತ್ರಿ ಕುಡಿದವನು ಮರುದಿನ ನೀರಿನಡಿಗೆ ಹೋಗೋದು ಅಪಾಯ.

ದೋಣಿಯವರನ್ನು ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಖರ್ಚು ಕೆಲವು ಸಾವಿರ ರೂಪಾಯಿ ಆಗುತ್ತೆ. ಅದರಲ್ಲಿ ದೋಣಿ, ಉಡುಪು, ಸಿಲಿಂಡರ್, ಜೊತೆಗಾರ, ಫೋಟೋ ಇವೆಲ್ಲ ಸೇರಿವೆಯೋ ಇಲ್ಲವೋ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಪ್ರಶ್ನೆ: ನೀರಿಗಿಳಿಸುವವನಿಗೆ ತರಬೇತುದಾರನ ಸರ್ಟಿಫಿಕೇಟ್ ಇದೆಯೇ? ಒಬ್ಬ ತರಬೇತುದಾರ ಒಂದು ಸಲಕ್ಕೆ ಎಷ್ಟು ಜನರನ್ನು ಕರೆದುಕೊಂಡು ಹೋಗುತ್ತಾನೆ? ಸಿಟ್ಟಾಗುವವನ ದೋಣಿ ಹತ್ತಬೇಡಿ. ಇನ್ನೂರು ರೂಪಾಯಿ ಉಳಿಸೋದಕ್ಕೆ ಹೋಗಿ ಜೀವದ ಜೊತೆ ಚೌಕಾಸಿ ಮಾಡೋದು ಜಾಣತನವಲ್ಲ.

ದೋಣಿಯಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆಯ ಹಾದಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ವಡೆ, ಪೂರಿ, ಮಸಾಲೆ ದೋಸೆ ಎಲ್ಲ ವಾಪಸು ಬಂದ ಮೇಲೆ. ಇಲ್ಲದಿದ್ದರೆ ಅವು ಹಾದಿಯಲ್ಲೇ ವಾಪಸು ಬರುತ್ತವೆ! ಹೊಟ್ಟೆ ತೊಳೆಸಿದರೆ ಕೆಳಗೆ ನೋಡಬೇಡಿ, ಮೊಬೈಲಂತೂ ಮುಟ್ಟಲೇಬೇಡಿ. ದೂರದ ದಿಗಂತದ ಗೆರೆಯನ್ನೇ ನೋಡುತ್ತಾ ಕೂತುಬಿಡಿ.

ನೀರಿನೊಳಗಿನ ಚಿತ್ರ

"ನಂಗೆ ಈಜೋಕೇ ಬರಲ್ವಲ್ಲ ಸಾರ್" ಅನ್ನೋರಿಗೆ ಸಮಾಧಾನದ ಮಾತು. ಮೊದಲ ಸಲದವರನ್ನು ತರಬೇತುದಾರ ಕೈಬಿಡದೆ ಹಿಡಿದುಕೊಂಡೇ ಕರೆದೊಯ್ಯುತ್ತಾನೆ, 12 ಮೀಟರಿಗಿಂತ ಆಳಕ್ಕೆ ಇಳಿಸುವ ಹಾಗಿಲ್ಲ. ಈಜು ಬಾರದವರೂ ಹೋಗಿ ಬಂದಿದ್ದಾರೆ. ಆದರೆ ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಸೋರುವ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಹೋಗಬಾರದು. ದೋಣಿಯಲ್ಲಿ ಒಂದು ಫಾರಂ ಕೊಡುತ್ತಾರೆ. ಗೆಳೆಯರೆದುರು ನಾಚಿಕೆಯಾಗುತ್ತೆ ಅಂತ ಅದರಲ್ಲಿ ಸುಳ್ಳು ಬರೆಯಬೇಡಿ. ಅದನ್ನು ಓದುವವನು ಪೊಲೀಸನಲ್ಲ, ನಿಮ್ಮನ್ನು ಕಾಪಾಡಬೇಕಾದವನು.

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಸುಳ್ಳು! ನಾವು ಬಸ್ ಸ್ಟಾಂಡಿನಲ್ಲಿ ಉಸಿರಾಡೋ ಗಾಳಿಯನ್ನೇ ಶುದ್ಧಮಾಡಿ, ಒತ್ತಿ ತುಂಬಿರುತ್ತಾರೆ. ಮೂಗು ಮುಚ್ಚಿರುತ್ತೆ, ಉಸಿರೆಲ್ಲ ಬಾಯಿಂದ. ಕೆಳಗೆ ಇಳಿದ ಹಾಗೆ ಕಿವಿ ಬಿಗಿಯುತ್ತೆ, ನಮ್ಮ ಘಟ್ಟ ಇಳಿಯುವಾಗ ಆಗುತ್ತಲ್ಲ, ಹಾಗೆ. ಮೂಗು ಹಿಡಿದು ಮೆಲ್ಲಗೆ ಊದಿದರೆ 'ಟಪ್' ಅಂತ ಬಿಡುತ್ತೆ. ಬಿಡದಿದ್ದರೆ ಮುಂದೆ ಇಳಿಯಬೇಡಿ, ಸನ್ನೆ ಮಾಡಿ ಹೇಳಿ.

ಈ ಸನ್ನೆ ವಿಷಯದಲ್ಲೇ ನಮ್ಮ ಹುಡುಗರು ಎಡವೋದು. ಖುಷಿಯಾಗಿ ಹೆಬ್ಬೆರಳು ಮೇಲೆತ್ತಿ 'ಸೂಪರ್' ಅಂತೀರಿ. ನೀರಿನೊಳಗೆ ಅದರ ಅರ್ಥ 'ಮೇಲೆ ಹೋಗೋಣ' ಅಂತ! ತರಬೇತುದಾರ ಪಾಪ ನಿಮ್ಮನ್ನು ಎತ್ತಿಕೊಂಡು ಮೇಲೆ ಬಂದುಬಿಡುತ್ತಾನೆ. ಶೋ ಇಂಟರ್ವಲ್ಲಿಗೆ ಮೊದಲೇ ಬಂದ್! ಎಲ್ಲ ಸರಿಯಿದೆ ಅನ್ನೋದಕ್ಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಬೇಕು.

ಇನ್ನೊಂದು ನಿಯಮ ಪ್ರಾಣಕ್ಕೆ ಸಂಬಂಧಿಸಿದ್ದು. ಉಸಿರು ಕಟ್ಟಬಾರದು. ಹೀರೋಗಳು ಕಟ್ಟುತ್ತಾರೆ, ನೀವು ಕಟ್ಟಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಬಲೂನಿನಂತೆ ಎರಡು ಪಟ್ಟು ಹಿಗ್ಗುತ್ತೆ. ಉಸಿರು ಕಟ್ಟಿಕೊಂಡು ಗಾಬರಿಯಿಂದ ಮೇಲೆ ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು. ಎಳೆಯಿರಿ, ಬಿಡಿ, ಎಳೆಯಿರಿ, ಬಿಡಿ. ಅಷ್ಟೇ ಮಂತ್ರ.

ಇಷ್ಟು ಪಾಲಿಸಿದರೆ ಆಮೇಲೆ ಶುರುವಾಗುತ್ತೆ ನೋಡಿ ಚಿತ್ರ! ಹವಳದ ಬಂಡೆಗಳು, ಅವುಗಳ ಮಧ್ಯೆ ಗಿಣಿಮೀನು, ಚಿಟ್ಟೆಮೀನು, ಬಂಡೆ ಸಂದಿಯಲ್ಲಿ ಮುಖ ತೋರಿಸೋ ಗ್ರೂಪರ್, ಹಿಂಡುಹಿಂಡಾಗಿ ಬರಾಕುಡ. ಅದೃಷ್ಟವಿದ್ದರೆ ಆಮೆ. ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕೂಡ. ಗಾತ್ರಕ್ಕೆ ರಾಕ್ಷಸ, ಗುಣಕ್ಕೆ ಅಶ್ವತ್ಥ್, ಯಾರನ್ನೂ ಕಚ್ಚೋದಿಲ್ಲ. ನೀರಿನೊಳಗೆ ಎಲ್ಲವೂ ಇದ್ದದ್ದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತೆ. ಆದ್ದರಿಂದ ಊರಿಗೆ ಬಂದು ಮೀನಿನ ಉದ್ದ ಹೇಳುವಾಗ ಸ್ವಲ್ಪ ಕಡಿಮೆ ಮಾಡಿ ಹೇಳಿ!

ಬಣ್ಣದ ಆಟವೂ ಇದೆ. ಐದಾರು ಮೀಟರ್ ಇಳಿದರೆ ಕೆಂಪು ಮಾಯ. ನಿಮ್ಮ ಕೆಂಪು ಬನಿಯನ್ನು ಮಣ್ಣು ಬಣ್ಣಕ್ಕೆ ತಿರುಗುತ್ತೆ. ನೀರಿನಡಿ ಶೂಟಿಂಗ್ ಮಾಡುವ ಕ್ಯಾಮೆರಾದವರು ಜೊತೆಗೆ ಲೈಟು ಒಯ್ಯೋದು ಇದಕ್ಕೇ. ಇನ್ನು ಸದ್ದು? ನಿಮ್ಮ ಉಸಿರಿನ ಗುಳುಗುಳು ಬಿಟ್ಟರೆ ಏನೂ ಇಲ್ಲ. ಹಿನ್ನೆಲೆ ಸಂಗೀತವಿಲ್ಲದ ಅರ್ಧ ಗಂಟೆ. ಡಿಟಿಎಸ್ ಥಿಯೇಟರಿನಲ್ಲಿ ಬೆಳೆದ ಕಿವಿಗೆ ಇದು ಹೊಸ ಅನುಭವ.

ಬಾಂಬು ಬಿದ್ದ ದ್ವೀಪ

ನೇತ್ರಾಣಿಯ ಕಥೆಯಲ್ಲಿ ಒಂದು ಫ್ಲಾಶ್‌ಬ್ಯಾಕು ಇದೆ, ಕೇಳಿದರೆ ಬೇಜಾರಾಗುತ್ತೆ. ಜನವಸತಿ ಇಲ್ಲದ ಬಂಡೆ ತಾನೇ ಅಂತ ನೌಕಾಪಡೆ ಈ ದ್ವೀಪವನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಾ ಬಂತು. ಗಡಿ ಕಾಯುವವರಿಗೆ ಅಭ್ಯಾಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಅಂತಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತೆ. ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಅನ್ನೋ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಹೆಣೆಯುತ್ತೆ. ಚೀನೀಯರು ಸೂಪು ಮಾಡಿ ಕುಡಿಯೋದು ಇಂಥ ಗೂಡುಗಳನ್ನೇ. ಸುತ್ತಲ ನೀರಿನಲ್ಲಿ ಹವಳ. ಪರಿಸರದ ಬಗ್ಗೆ ಕಾಳಜಿಯುಳ್ಳವರು, ಜೀವವಿಜ್ಞಾನಿಗಳು "ಈ ದ್ವೀಪವನ್ನು ಬಿಟ್ಟುಬಿಡಿ" ಅಂತ ಮತ್ತೆ ಮತ್ತೆ ದನಿ ಎತ್ತಿದ್ದು ಇದಕ್ಕಾಗಿ.

ಬಾಂಬು ಹಾಕೋದು ನೌಕಾಪಡೆಯೇ ಆಗಬೇಕಾಗಿಲ್ಲ, ಮಿತ್ರರೇ. ನಾವೂ ಹಾಕಬಲ್ಲೆವು, ಒಂದು ಕಾಲಿನಿಂದ! ಗುಂಡುಗುಂಡಾದ ಹವಳದ ಬಂಡೆ ವರ್ಷಕ್ಕೆ ಬೆಳೆಯೋದು ಒಂದೆರಡು ಸೆಂಟಿಮೀಟರ್ ಅಷ್ಟೇ. ಅದು ಕಲ್ಲಲ್ಲ, ಸಾವಿರಾರು ಸಣ್ಣ ಜೀವಿಗಳು ಕಟ್ಟಿದ ಮನೆ. ನಿಮ್ಮಪ್ಪ ಹುಟ್ಟಿದಾಗ ಶುರುವಾದ ಮನೆಯನ್ನು ಫೋಟೋಗೆ ಪೋಸು ಕೊಡಲು ಹೋಗಿ ನೀವು ಒಂದು ಒದೆತದಲ್ಲಿ ಮುರಿಯಬಹುದು. ನೆನಪಿಗೆ ಅಂತ ಒಂದು ಚೂರು ಜೇಬಿಗಿಳಿಸಿದರೆ ಕಾನೂನೂ ಬಿಡೋದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯ ಜೊತೆಗೇ ರಕ್ಷಣೆಯಿದೆ.

1973ರಲ್ಲಿ ಅಣ್ಣಾವ್ರ 'ಗಂಧದ ಗುಡಿ' ಬಂದಾಗ ಕಾಡು ಉಳಿಸಿ ಅನ್ನೋ ಮಾತನ್ನು ಫಾರೆಸ್ಟ್ ಆಫೀಸರ್ ಖಾಕಿ ತೊಟ್ಟು ಹೇಳಿದರು. ಸುಮಾರು 50 ವರ್ಷದ ಮೇಲೆ ಮಗ ಅದೇ ಹೆಸರು ಹಿಡಿದು, ಕಾಡಿನ ಜೊತೆ ಕಡಲನ್ನೂ ಸೇರಿಸಿ ಹೇಳಿದರು. ಅಪ್ಪ 2006ರಲ್ಲಿ ತೀರಿಕೊಂಡಾಗ ಕಣ್ಣು ಕೊಟ್ಟು ಹೋದರು. ಮಗನ ಎರಡು ಕಣ್ಣುಗಳು 2021ರಲ್ಲಿ ನಾಲ್ವರಿಗೆ ಬೆಳಕು ಕೊಟ್ಟವು. ನೇತ್ರಾಣಿ ಅನ್ನೋ ಹೆಸರು ಕಿವಿಗೆ ಬಿದ್ದಾಗ ಅಭಿಮಾನಿಗಳಿಗೆ ನೇತ್ರದಾನ ನೆನಪಾದರೆ ಆಶ್ಚರ್ಯವಿಲ್ಲ.

ಹಾಗಾಗಿ ಮಾರ್ಚ್ 17ರಂದು ದೋಣಿಯಲ್ಲಿ ಕೇಕು, ಪಟಾಕಿ, ಸ್ಪೀಕರು ಅಂತ ಏನಾದರೂ ಯೋಚನೆಯಿದ್ದರೆ ಇಲ್ಲೇ ಕೈಬಿಡಿ. ಪ್ಲಾಸ್ಟಿಕ್ ಬಾವುಟ ಕಡಲಿಗೆ ಬಿದ್ದರೆ ಅದು ಆಮೆಯ ಗಂಟಲಿಗೆ. ಅವರ ಹೆಸರಿನಲ್ಲಿ ಏನಾದರೂ ಮಾಡಲೇಬೇಕು ಅನಿಸಿದರೆ, ಹೊರಡುವ ಮೊದಲು ಕಣ್ಣುದಾನದ ಫಾರಂ ತುಂಬಿ ಬನ್ನಿ.

ದಡವೇ ದೊಡ್ಡ ಅಪಾಯ

ಡೈವಿಂಗ್ ಅಂದರೆ ಹೆದರುವ ಹುಡುಗರು ಬೀಚು ಅಂದರೆ ಹೆದರೋದಿಲ್ಲ. ಆಗಬೇಕಾದ್ದು ಉಲ್ಟಾ! ಡೈವಿಂಗಿನಲ್ಲಿ ಕೈಹಿಡಿದವನೊಬ್ಬನಿರುತ್ತಾನೆ, ದಡದಲ್ಲಿ ಯಾರಿರುತ್ತಾರೆ? 2024ರ ಡಿಸೆಂಬರಿನಲ್ಲಿ ಇದೇ ಮುರ್ಡೇಶ್ವರದ ತೀರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ನೀರುಪಾಲಾದರು. ಕಡಲು ನೋಡುವ ಆಸೆಯಿಂದ ಅಷ್ಟು ದೂರ ಬಂದ ಮಕ್ಕಳು. ಅವರ ಮನೆಗಳಲ್ಲಿ ಏನಾಗಿರಬೇಕು, ನೀವೇ ಊಹಿಸಿ.

ಮೊಣಕಾಲುದ್ದ ನೀರಿನಲ್ಲೂ ಹಿಂದಕ್ಕೆ ಎಳೆಯುವ ಸೆಳೆತ ಇರುತ್ತೆ. ಅಲೆಗಳು ಒಡೆಯದೆ ನೀರು ಸಮನಾಗಿ, ಸಾಧುವಾಗಿ ಕಾಣುವ ಜಾಗ ಎಷ್ಟೋ ಸಲ ಅದೇ. ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಹೊಡೆದಾಡಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತ ತಪ್ಪುತ್ತೆ. ಈಜು ಬಾರದವರು ತೇಲುತ್ತಾ ಕೈಯೆತ್ತಿ ಕೂಗಬೇಕು. ಮುಳುಗುವವನನ್ನು ಎಳೆಯಲು ಗೆಳೆಯ ಹಾರಬೇಡ. ಹಗ್ಗವೋ, ಟ್ಯೂಬೋ, ಖಾಲಿ ಕ್ಯಾನೋ ಎಸೆಯಬೇಕು. ಲೈಫ್‌ಗಾರ್ಡು ಶಿಳ್ಳೆ ಊದಿದರೆ ಅದು ನಿಮ್ಮ ಎಂಟ್ರಿಗೆ ಹೊಡೆದ ಶಿಳ್ಳೆಯಲ್ಲ, ಹೊರಗೆ ಬನ್ನಿ ಅಂತ!

ದ್ವೀಪದ ಮೇಲೆ ಕಾಲಿಡಲೇಬೇಕಾ?

ಹಾಗಿದ್ದರೆ ವಾಪಸು ಬರುವಾಗ ಉಡುಪಿಯ ಮಲ್ಪೆಯಲ್ಲಿ ಇಳಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅರ್ಧ ಗಂಟೆಯ ದೋಣಿ ಪ್ರಯಾಣ. ಬಡಗಿ ಕೂತು ಕೆತ್ತಿದ ಹಾಗೆ ಆರು ಮೂಲೆಯ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತದಿಂದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರುಕುಬಿಟ್ಟು ಆದ ಕಂಬಗಳಿವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುತ್ತಾರೆ. ಅಲ್ಲೂ ಬಂಡೆಯಂಚಿನಲ್ಲಿ ಸೆಲ್ಫಿ ಸಾಹಸ ಬೇಡ. 2022ರ ಏಪ್ರಿಲಿನಲ್ಲಿ ಅಲ್ಲಿ ಕೇರಳದ 3 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಕೊನೆಗೆ ಚೀಲದಲ್ಲಿ ಏನಿರಲಿ? ಒಂದು ಟವೆಲು, ಎರಡು ಜೊತೆ ಒಣ ಬಟ್ಟೆ, ಬಿಸಿಲಿಗೊಂದು ಟೋಪಿ, ಕುಡಿಯೋ ನೀರು, ಗುರುತಿನ ಚೀಟಿ, ಎರಡು ಬಾಳೆಹಣ್ಣು. ತಿಂಡಿಯ ಕಾಗದ, ಬಾಟಲಿ ಎಲ್ಲ ಅದೇ ಚೀಲದಲ್ಲಿ ವಾಪಸು ಬರಲಿ. ವಿಮಾನದಲ್ಲಿ ಬಂದ ಸಿರಿವಂತರು ಡೈವಿಂಗ್ ಆದ ದಿನವೇ ವಿಮಾನ ಹತ್ತಬಾರದು, ಒಂದು ದಿನ ಕಾಯಬೇಕು. ಬಸ್ಸಿನ ನಮಗೆ ಆ ಚಿಂತೆಯಿಲ್ಲ!

ಮನೆಯಲ್ಲಿ ಹೇಳಿ ಹೊರಡಿ. ಯಾವ ದೋಣಿ, ಯಾವ ದಿನ, ಯಾರ ಜೊತೆ ಅಂತ ಒಂದು ಚೀಟಿ ಬರೆದು ಅಮ್ಮನ ಕೈಗೆ ಕೊಡಿ. ಆಮೇಲೆ ನೆಮ್ಮದಿಯಾಗಿ ಹೋಗಿ, ಇಳಿದು, ನೋಡಿ, ಕ್ಷೇಮವಾಗಿ ಬನ್ನಿ. ಮುಂದಿನ ವಾರದ ಸಂಚಿಕೆ ಕೊಳ್ಳೋದಕ್ಕೆ ನೀವು ಬಸ್ ಸ್ಟಾಂಡಿನಲ್ಲಿ ಇರಬೇಕಲ್ಲ!